ನಳಿಗೆಯ ಸ್ಫೋಟ: ‘ಥಂಡರರ್’ ದುರಂತದ ಒಂದು ಪರಿಶೀಲನೆ

ಕೋವಿಯ ನಳಿಗೆ ಸಿಡಿದಾಗ ಲೋಹದ ದೋಷವನ್ನೋ ಮದ್ದಿನ ಅತಿರೇಕವನ್ನೋ ಶಂಕಿಸುವುದು ವಾಡಿಕೆ. ಆದರೆ ನಿರ್ದೋಷವಾದ ನಳಿಗೆಯೂ ಕೇವಲ ಅಡಚಣೆಯಿಂದ ಒಡೆಯಬಲ್ಲುದು. ಇದಕ್ಕೆ ಬ್ರಿಟಿಷ್ ನೌಕಾಬಲದ ಇತಿಹಾಸದಲ್ಲಿರುವ ನಿದರ್ಶನವೊಂದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ತತ್ತ್ವವನ್ನು ಗಮನಿಸೋಣ. ಮದ್ದು ಉರಿದು ಹುಟ್ಟುವ ಅನಿಲದ ಒತ್ತಡವು ಆರಂಭದಲ್ಲಿ ಅತ್ಯಧಿಕವಾಗಿದ್ದು, ಗುಂಡು ಮುಂದುವರಿದಂತೆ ಇಳಿಯುತ್ತದೆ. ಆದುದರಿಂದಲೇ ನಳಿಗೆಯ ಬುಡವನ್ನು ದಪ್ಪವಾಗಿಯೂ ಮುಂಭಾಗವನ್ನು ತೆಳುವಾಗಿಯೂ ನಿರ್ಮಿಸುತ್ತಾರೆ. ದಾರಿಯಲ್ಲಿ ಅಡಚಣೆಯಿದ್ದರೆ ಈ ಲೆಕ್ಕ ತಪ್ಪುತ್ತದೆ. ಅಧಿಕ ಒತ್ತಡವು ತೆಳುವಾದ ಭಾಗದಲ್ಲಿಯೇ ಉಂಟಾಗುತ್ತದೆ.

1879ನೆಯ ಜನವರಿ 2ರಂದು ಮಾರ್ಮರ ಸಮುದ್ರದಲ್ಲಿ ‘ಥಂಡರರ್’ ಎಂಬ ಯುದ್ಧನೌಕೆಯು ತೋಪಿನ ಅಭ್ಯಾಸ ನಡೆಸುತ್ತಿದ್ದಾಗ, 38 ಟನ್ ತೂಕದ, 12 ಅಂಗುಲ ಬಾಯಿಯ ತೋಪೊಂದು ಸಿಡಿದು 11 ಮಂದಿ ಮೃತರಾದರು. ಆ ತೋಪುಗಳಿಗೆ ಬಾಯಿಯ ಕಡೆಯಿಂದ, ಜಲಯಂತ್ರದ ಸಹಾಯದಿಂದ ಮದ್ದು ಗುಂಡುಗಳನ್ನು ತುಂಬುತ್ತಿದ್ದರು. ಜೊತೆಯ ಎರಡು ತೋಪುಗಳನ್ನು ಏಕಕಾಲದಲ್ಲಿ ಹಾರಿಸಿದಾಗ ಒಂದು ಹಾರದೆ ಉಳಿಯಿತು. ಮತ್ತೊಂದರ ಗರ್ಜನೆಯಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. ತುಂಬಿದ್ದ ತೋಪಿಗೇ ಮತ್ತೆ ತುಂಬಿದರು ಎಂಬುದು ವಿಚಾರಣಾ ಸಮಿತಿಯ ನಿರ್ಣಯ.

ಈ ನಿರ್ಣಯವನ್ನು ಎಲ್ಲರೂ ಒಪ್ಪಲಿಲ್ಲ. ಅಷ್ಟು ಜನರಿದ್ದೂ ಅಂತಹ ಪ್ರಮಾದ ನಡೆಯಬಹುದೇ ಎಂಬುದು ಸಹಜವಾದ ಸಂಶಯವೇ. ವಿವಾದವನ್ನು ಪ್ರಯೋಗವೇ ಪರಿಹರಿಸಿತು. ಉಳಿದ ಜೊತೆ ತೋಪನ್ನು ಇಂಗ್ಲೆಂಡಿನ ವುಲಿಚ್‌ಗೆ ತಂದು, 1880ರಲ್ಲಿ ಉದ್ದೇಶಪೂರ್ವಕವಾಗಿ ಎರಡು ಬಾರಿ ತುಂಬಿ ಹಾರಿಸಿದರು. ಅದೂ ಮೊದಲನೆಯದರಂತೆಯೇ ಒಡೆಯಿತು.

ಹೀಗೆ ಕಾರಣ ಸಿದ್ಧವಾಯಿತು. ಆದರೆ ದೋಷವನ್ನೆಲ್ಲ ಮೃತರಾದ ನಾವಿಕರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ತೋಪು ಬರಿದಾಗಿದೆಯೇ ಎಂಬುದನ್ನು ಕಣ್ಣಿನಿಂದ ಕಂಡು ತಿಳಿಯಲು ಆ ವ್ಯವಸ್ಥೆಯಲ್ಲಿ ಅವಕಾಶವಿರಲಿಲ್ಲ. ಮುಂದೆ ಬ್ರಿಟಿಷ್ ನೌಕಾಬಲವು ಹಿಂದಿನಿಂದ ತುಂಬುವ ತೋಪುಗಳಿಗೆ ಮರಳಿದುದಕ್ಕೆ ಈ ದುರಂತವೂ ಒಂದು ಪ್ರೇರಣೆಯಾಯಿತು.

ಹಿಂದಿನಿಂದ ತುಂಬುವ ಬೇಟೆಯ ಕೋವಿಗೂ ಈ ಪಾಠ ಅನ್ವಯಿಸುತ್ತದೆ. 12 ಬೋರಿನ ಕೋವಿಗೆ 20 ಬೋರಿನ ತೋಟೆಯನ್ನು ಹಾಕಿದರೆ ಅದು ಮುಂದಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋವಿ ಬರಿದೆಂದು ಭಾವಿಸಿ ಹಿಂದೆ ಸರಿಯಾದ ತೋಟೆಯನ್ನಿಟ್ಟು ಹಾರಿಸಿದರೆ ‘ಥಂಡರರ್’ ಕಥೆಯೇ ಪುನರಾವೃತ್ತಿಯಾಗುತ್ತದೆ. 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವ ಪದ್ಧತಿ ಬಂದುದು ಈ ಅಪಾಯದಿಂದಲೇ. ಲೋಹ ಎಷ್ಟೇ ಗಟ್ಟಿಯಾಗಿರಲಿ, ತುಂಬುವ ಮುನ್ನ ನಳಿಗೆಯೊಳಗೆ ಒಮ್ಮೆ ನೋಡುವುದಕ್ಕೆ ಸಮನಾದ ರಕ್ಷಣೆಯಿಲ್ಲ.