ಹಂಗಾಮಿ ನೌಕರಿ ಮತ್ತು ವಜಾ: ಚಿಕ್ಕೋಡಿ ಸೀಮೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕಬ್ಬು ಮತ್ತು ತಂಬಾಕಿನ ಸೀಮೆ. ಕಬ್ಬು ನುರಿಸುವುದು ನಿಂತೊಡನೆ ಸಕ್ಕರೆ ಕಾರ್ಖಾನೆಯ ಹಂಗಾಮಿ ನೌಕರರು ಮನೆಗೆ ಮರಳುತ್ತಾರೆ. ಅವರನ್ನು ಮುಂದಿನ ಹಂಗಾಮಿಗೆ ಕರೆಯದಿದ್ದರೆ ಅದು ವಜಾ ಹೌದೇ? ಈ ಭಾಗದಲ್ಲಿ ತೊಡಕಿನ ಪ್ರಶ್ನೆ ಇದೇ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ, ವರ್ಷದಲ್ಲಿ 240 ದಿನ ದುಡಿದವನನ್ನು ಹೆಚ್ಚುವರಿ ಎಂದು ತೆಗೆಯಲು ಒಂದು ತಿಂಗಳ ನೋಟಿಸು ಇಲ್ಲವೇ ಅಷ್ಟು ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕಿತ್ತು. ಯಾರನ್ನು ತೆಗೆಯಬೇಕೆಂಬುದಕ್ಕೆ 25-ಜಿ ಕಲಮಿನ ನಿಯಮ ಸರಳವಾಗಿತ್ತು: ಆಯಾ ವರ್ಗದಲ್ಲಿ ಕೊನೆಗೆ ಸೇರಿದವನು ಮೊದಲು ಹೊರಡಬೇಕಿತ್ತು. ಇದನ್ನು ಮೀರುವ ಮಾಲೀಕ ಕಾರಣ ಬರೆದಿಡಬೇಕಿತ್ತು. ಮತ್ತೆ ಆಳು ಬೇಕಾದಾಗ ತೆಗೆದವರಿಗೇ ಮೊದಲ ಅವಕಾಶವಿತ್ತು. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಅನುಮತಿಯನ್ನೂ ಪಡೆಯಬೇಕಿತ್ತು. ಹಂಗಾಮಿ ಕಾರ್ಖಾನೆಗೆ ಈ ಕಟ್ಟು ಇರಲಿಲ್ಲ.

ಪಂಜಾಬಿನ ಮೋರಿಂಡಾ ಸಹಕಾರಿ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟ್, ಹಂಗಾಮು ಮುಗಿದು ಕೆಲಸ ನಿಂತದ್ದು ವಜಾ ಅಲ್ಲ ಎಂದಿತು. ಆದರೆ ಹಂಗಾಮಿ ನೌಕರರ ರಿಜಿಸ್ಟರ್ ಇಟ್ಟು, ಹೊಸ ಹಂಗಾಮಿಗೆ ಹಿರಿತನದಂತೆ ಅವರನ್ನೇ ಕರೆಯಬೇಕೆಂದೂ ಹೇಳಿತು. 1997ರಲ್ಲಿ ಕೃಷ್ಣಾ ಸಹಕಾರಿ ಕಾರ್ಖಾನೆಯ ಪ್ರಕರಣದಲ್ಲೂ ಇದೇ ಮಾತು. (ಅದು ಸಾತಾರಾ ಜಿಲ್ಲೆಯದು, ಅಥಣಿಯ ಕೃಷ್ಣಾ ಕಾರ್ಖಾನೆಯಲ್ಲ.) ಹೀಗಾಗಿ ನೌಕರನಿಗೆ ನೇಮಕದ ಆದೇಶದಷ್ಟೇ ಬೆಲೆಯುಳ್ಳದ್ದು ಆ ರಿಜಿಸ್ಟರಿನಲ್ಲಿರುವ ಅವನ ಹೆಸರು. ಸಹಕಾರಿ ಕಾರ್ಖಾನೆಗಳ ನೌಕರರಿಗೆ ಇನ್ನೊಂದು ಗೋಜು: ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮು ಅವರ ಸೇವಾ ವಿವಾದಗಳನ್ನು ಸಹಕಾರ ಇಲಾಖೆಯ ಕಡೆಗೆ ತಿರುಗಿಸುತ್ತದೆ.

ತಂಬಾಕು, ಬೀಡಿಯ ನಿಪ್ಪಾಣಿಯ ಕಥೆ ಬೇರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದೇ ಎಣಿಸಿತು. ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ, ತಿಂಗಳ ನೋಟಿಸಿಲ್ಲದೆ ಬಿಡಿಸಬಾರದೆಂದಿತು. ಕಾಯ್ದೆಯನ್ನು ಪ್ರಶ್ನಿಸಿ ಮಂಗಳೂರು ಗಣೇಶ ಬೀಡಿ ಸಂಸ್ಥೆ ಕೋರ್ಟಿಗೆ ಹೋದಾಗ 1974ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾಗದದ ಹಕ್ಕಿಗೆ ಬಲ ಬಂದದ್ದು ಮಾತ್ರ ಸಂಘಟನೆಯಿಂದ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಹೋರಾಡಿದ್ದನ್ನು ಚಿತ್ರ ನಿರ್ದೇಶಕಿ ದೀಪಾ ಧನರಾಜ್ ಅವರಿದ್ದ ಯುಗಾಂತರ್ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು.

2025ರ ನವೆಂಬರ್ 21ರಿಂದ 1947ರ ಕಾಯ್ದೆಯ ಬದಲಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಯಲ್ಲಿದೆ. ಕೊನೆಗೆ ಬಂದವನು ಮೊದಲು ಹೊರಡುವ ನಿಯಮ ಉಳಿದಿದೆ. ಸರ್ಕಾರದ ಅನುಮತಿಯ ಮಿತಿ ನೂರರಿಂದ ಮುನ್ನೂರು ಕಾರ್ಮಿಕರಿಗೆ ಏರಿದೆ. ತೆಗೆದವರನ್ನು ಮೊದಲು ಕರೆಯಬೇಕಾದ ಹೊಣೆ ಈಗ ಒಂದೇ ವರ್ಷದ್ದು.