ಫೋಟೋ ಕೆಳಗಿನ ಹೆಸರು ಯಾರದ್ದು?

ಹಳೇ ಫೋಟೋ ಒಂದು ಕೈಗೆ ಸಿಕ್ಕಿತು ಅಂದ್ಕೊಳ್ಳಿ. ವಿಸಿಟಿಂಗ್ ಕಾರ್ಡ್‌ಗಿಂತ ಸ್ವಲ್ಪ ದೊಡ್ಡದು, ದಪ್ಪ ರಟ್ಟಿಗೆ ಅಂಟಿಸಿದ್ದು. ಕೆಳಗೆ ಸೊಗಸಾದ ಅಕ್ಷರದಲ್ಲಿ ಒಂದು ಹೆಸರು. ಫೋಟೋದಲ್ಲಿರೋರ ಹೆಸರೇ ಇರ್ಬೇಕು ಅಂತ ಅನ್ಸುತ್ತೆ, ಅಲ್ವಾ? ತಡೀರಿ. ವಿಕ್ಟೋರಿಯಾ ರಾಣಿಯ ಕಾಲದ ಫೋಟೋಗಳಲ್ಲಿ ಬಹಳಷ್ಟು ಸಲ ಅದು ಕ್ಯಾಮೆರಾ ಹಿಂದೆ ನಿಂತವನ ಹೆಸರು. ಮುಂದೆ ಕೂತವರದ್ದಲ್ಲ.

1854ರಲ್ಲಿ ಪ್ಯಾರಿಸ್‌ನ ಡಿಸ್ಡೇರಿ ಅನ್ನೋ ಫೋಟೋಗ್ರಾಫರ್, ಒಂದೇ ಗಾಜಿನ ಪ್ಲೇಟಿನ ಮೇಲೆ ಹಲವು ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೆಲೆ ಇಳಿಯಿತು. 1860ರ ನಂತರ ಲಂಡನ್‌ಗೆ ಇದರ ಹುಚ್ಚೇ ಹಿಡಿಯಿತು. ರಾಜಮನೆತನದವರ ಫೋಟೋಗಳೂ ಅಂಗಡಿಯಲ್ಲಿ ಮಾರಾಟಕ್ಕೆ ಬಂದವು. ಆ ಊರಿನಲ್ಲಿ ದೊಡ್ಡವರೆಲ್ಲ ಹೋಗ್ತಿದ್ದ ಸ್ಟುಡಿಯೋ ಕ್ಯಾಮಿಲ್ ಸಿಲ್ವಿಯದ್ದು, ಬೇಸ್‌ವಾಟರ್‌ನಲ್ಲಿ. ಈತ ಫ್ರಾನ್ಸಿನವನು. ಎಂಜಿನಿಯರಿಂಗ್ ಓದಿದ ನನಗೆ ಇವನ ಮೇಲೆ ವಿಶೇಷ ಪ್ರೀತಿ. ಯಾಕಂದ್ರೆ ಡೇಟಾಬೇಸ್ ಅನ್ನೋ ಪದ ಹುಟ್ಟುವ ಮೊದಲೇ ಈತ ಒಂದು ಡೇಟಾಬೇಸ್ ಇಟ್ಟಿದ್ದ! ಪ್ರತಿ ಫೋಟೋಗೂ ಒಂದು ನಂಬರ್, ದಪ್ಪ ಪುಸ್ತಕದಲ್ಲಿ ಒಂದು ಪ್ರಿಂಟ್, ಜೊತೆಗೆ ಹೆಸರು. ಅಂಥ 12 ಸಂಪುಟಗಳು ಈಗ ಲಂಡನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ. ನಂಬರ್ ಹಿಡಿದು ಹೋದ್ರೆ ಮನುಷ್ಯ ಸಿಗ್ತಾನೆ.

ಆ ಪುಸ್ತಕಗಳಲ್ಲಿ 1862ರ ಸೆಪ್ಟೆಂಬರ್ 15ರಂದು ತೆಗೆದ ಕೆಲವು ಫೋಟೋಗಳಿವೆ. ಅಗಲವಾದ ಗೌನು ತೊಟ್ಟ ಒಬ್ಬ ಆಫ್ರಿಕನ್ ಯುವತಿ. ಹೊಸದಾಗಿ ಮದುವೆಯಾದ ಶ್ರೀಮತಿ ಡೇವಿಸ್. ವಯಸ್ಸು ಹತ್ತೊಂಬತ್ತರ ಆಸುಪಾಸು.

ಇಲ್ಲಿಂದ ಹಿಂದಕ್ಕೆ ನಡೀಬೇಕು. ಒಂದು ತಿಂಗಳು ಹಿಂದೆ, ಆಗಸ್ಟ್ 14, ಬ್ರೈಟನ್‌ನ ಸೇಂಟ್ ನಿಕೋಲಸ್ ಚರ್ಚ್. ವರ ಜೇಮ್ಸ್ ಡೇವಿಸ್, ಪಶ್ಚಿಮ ಆಫ್ರಿಕಾದ ವ್ಯಾಪಾರಿ. ವಧು ಸಾರಾ ಫೋರ್ಬ್ಸ್ ಬೊನೆಟ್ಟಾ. ಈ ಹೆಸರನ್ನು ಸ್ವಲ್ಪ ಬಿಡಿಸಿ ನೋಡಿ. ಫೋರ್ಬ್ಸ್ ಅಂದ್ರೆ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಫ್ರೆಡರಿಕ್ ಫೋರ್ಬ್ಸ್. ಬೊನೆಟ್ಟಾ ಅಂದ್ರೆ ಆತನ ಹಡಗು. ಹುಡುಗಿಯೊಬ್ಬಳ ಹೆಸರಿನೊಳಗೆ ಒಂದು ಹಡಗು!

1848ರಲ್ಲಿ ಡಹೋಮಿಯ ರಾಜ ಘೇಜೋನ ಸೈನ್ಯ ಯೊರುಬಾ ಜನರ ಊರಿನ ಮೇಲೆ ಬಿದ್ದಿತ್ತು. ತಂದೆತಾಯಿ ಸತ್ತರು, ಮಗು ಸೆರೆಯಾಯಿತು. 1850ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿ ಅಂತ ಹೇಳಲು ಬಂದ ಫೋರ್ಬ್ಸ್, ಆಕೆಯನ್ನು ಉಳಿಸಲು ಒಂದು ಉಪಾಯ ಮಾಡಿದ: ಈ ಮಗುವನ್ನು ನಮ್ಮ ರಾಣಿಗೆ ಉಡುಗೊರೆಯಾಗಿ ಕೊಡಿ ಅಂದ. ರಾಜ ಒಪ್ಪಿದ. ಬಲಿಯಾಗಬೇಕಿದ್ದ ಮಗು ಬದುಕಿತು, ನಿಜ. ಆದರೆ ಗುಲಾಮಗಿರಿ ವಿರೋಧಿಸಲು ಹೋದವನ ಸಾಮಾನಿನ ಪಟ್ಟಿಯಲ್ಲೇ ಒಂದು ಮಗು! ಇದನ್ನು ಬರೀ ಕರುಣೆಯ ಕಥೆ ಅಂತ ಹೇಳೋದಕ್ಕೆ ನನಗೆ ಬಾಯಿ ಬರಲ್ಲ.

ರಾಣಿ ಆಕೆಯನ್ನು ಮೆಚ್ಚಿದಳು, ಓದಿಸಿದಳು. ಅಂದಹಾಗೆ, ಇದೇ ರಾಣಿ 1852ರಲ್ಲಿ ನಮ್ಮ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೂ ಗಾಡ್‌ಮದರ್ ಆಗಿದ್ದಳು. ಗೌರಮ್ಮ ಆವತ್ತಿನಿಂದ ವಿಕ್ಟೋರಿಯಾ ಗೌರಮ್ಮ. ಅಲ್ಲೂ ಹೆಸರಿನದ್ದೇ ಕಥೆ. ಆಕೆಯ ಮದುವೆಯ ಲೆಕ್ಕಾಚಾರವನ್ನೂ ರಾಣಿಯೇ ಹಾಕಿದ್ದಳು. ಪಂಜಾಬಿನ ದುಲೀಪ್ ಸಿಂಗ್ ಜೊತೆ. ಅದು ನಡೆಯಲಿಲ್ಲ.

ಸಾರಾಳ ಮದುವೆ ನಡೆಯಿತು. ಫೋಟೋ ನೋಡಿದ್ರೆ ಎಲ್ಲ ಸರಿಯಾಗಿದೆ ಅನ್ಸುತ್ತೆ. ಆದರೆ ತಾನು ಅಮ್ಮ ಅಂತ ಕರೆಯುತ್ತಿದ್ದ ಪಾದ್ರಿಯ ಹೆಂಡತಿಗೆ ಮದುವೆಗೆ ಮುಂಚೆ ಆಕೆ ಬರೆದ ಕಾಗದ ಬೇರೆಯೇ ಹೇಳುತ್ತೆ. ಮದುವೆಯಾದ ಮೇಲೆ ಪ್ರೀತಿ ತಾನಾಗಿ ಬರುತ್ತೆ ಅಂತ ಜನ ಹೇಳ್ತಾರೆ, ನನಗೆ ಅದು ಸಾಧ್ಯವಿಲ್ಲ ಅನ್ನೋದು ಅದರ ಸಾರಾಂಶ. ಸಿಲ್ವಿಯ ಪುಸ್ತಕದ ನಂಬರ್‌ನಿಂದ ಹೆಸರು ಸಿಗುತ್ತೆ. ಈ ಮಾತು ಸಿಗೋದು ಕಾಗದದಲ್ಲಿ ಮಾತ್ರ. ಆ ಕಾಗದಗಳ ಒಂದು ಕಟ್ಟು ಲಂಡನ್‌ನ ಹಳೇ ಪುಸ್ತಕ ವ್ಯಾಪಾರಿಯೊಬ್ಬನ ಬಳಿ ಸಿಕ್ಕಿತು. ಅಮೆರಿಕದ ಲೇಖಕ ವಾಲ್ಟರ್ ಡೀನ್ ಮೈಯರ್ಸ್ ಅದನ್ನು ಕೊಂಡು, 1999ರಲ್ಲಿ ಅವಳ ಜೀವನವನ್ನೇ ಪುಸ್ತಕ ಮಾಡಿದ.

ಹಾಗಾದ್ರೆ ಹುಟ್ಟು ಹೆಸರು? ಅದರ ಸುಳಿವು ಮದುವೆಯ ದಾಖಲೆಯಲ್ಲಿದೆ. ಅಲ್ಲಿ ಸಾರಾ ಅನ್ನೋದಕ್ಕೂ ಮೊದಲು ಒಂದು ಪುಟ್ಟ ಪದ: ಇನಾ. ಯೊರುಬಾದಲ್ಲಿ ಐನಾ. ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡು ಹುಟ್ಟಿದ ಹೆಣ್ಣುಮಗುವಿಗೆ ಅಲ್ಲಿನ ಜನ ಇಡುವ ಹೆಸರು ಅದು. ಊರು ಹೋಯ್ತು, ಹೆತ್ತವರು ಹೋದರು, ಹೆಸರಿನ ಮೇಲೆ ಹಡಗು ಬಂತು. ಹನ್ನೆರಡು ವರ್ಷ ಆದ ಮೇಲೂ ಚರ್ಚಿನ ಪುಸ್ತಕದಲ್ಲಿ ಅದೇ ಹೆಸರು ಮೊದಲು.

1880ರ ಆಗಸ್ಟ್‌ನಲ್ಲಿ ಕ್ಷಯದಿಂದ ಬಳಲುತ್ತಾ ಆಕೆ ಮಡೀರಾ ದ್ವೀಪದಲ್ಲಿ ತೀರಿಕೊಂಡಳು. ಸುದ್ದಿ ಇಂಗ್ಲೆಂಡ್ ತಲುಪಿದ ದಿನ ಆಕೆಯ ಮಗಳು ರಾಣಿಯನ್ನು ನೋಡಲು ಹೊರಟಿದ್ದಳು. ಮಗಳ ಹೆಸರು ವಿಕ್ಟೋರಿಯಾ.