ಇಂಗ್ಲಿಷ್ ವಾಗ್ರೂಢಿಗಳ ಪೂರ್ವವೃತ್ತಾಂತ

ಪದಗಳೆಲ್ಲವೂ ತಿಳಿದಿದ್ದು ವಾಕ್ಯದ ಅರ್ಥವು ಮಾತ್ರ ತಿಳಿಯದಿರುವ ಸಂಕಟವು ಪರಭಾಷೆಯನ್ನು ಅಭ್ಯಾಸಮಾಡಿದವರಿಗೆಲ್ಲ ಪರಿಚಿತವಾದುದು. ಇಂಗ್ಲಿಷಿನಲ್ಲಿ ‘ಬೈ’ ಎಂಬುದನ್ನೂ ‘ಲಾರ್ಜ್’ ಎಂಬುದನ್ನೂ ಅರಿಯದ ವಿದ್ಯಾರ್ಥಿಯಿಲ್ಲ. ಆದರೆ ‘ಬೈ ಅಂಡ್ ಲಾರ್ಜ್’ ಎಂಬಲ್ಲಿ ನಿಘಂಟಿನ ಎರಡು ಅರ್ಥಗಳನ್ನು ಕೂಡಿಸಿದರೆ ಏನೂ ಹೊರಡುವುದಿಲ್ಲ. ‘ಒಟ್ಟಿನಲ್ಲಿ ನೋಡಿದರೆ’ ಎಂಬ ಅರ್ಥವನ್ನು ಗುರುಗಳು ಹೇಳಿಕೊಡಬೇಕು, ಶಿಷ್ಯನು ಬಾಯಿಪಾಠ ಮಾಡಬೇಕು. ನಮ್ಮ ಪಾಠಶಾಲೆಗಳಲ್ಲಿ ಬಹುಕಾಲ ನಡೆದುಬಂದ ಕ್ರಮವಿದು. ಅರ್ಥವನ್ನು ಕಲಿತೆವು, ಆ ಅರ್ಥವು ಎಲ್ಲಿಂದ ಬಂದಿತೆಂಬುದನ್ನು ಕೇಳಲಿಲ್ಲ.

ನಮ್ಮ ಅಲಂಕಾರಶಾಸ್ತ್ರಜ್ಞರಿಗೆ ಈ ವಿಷಯವು ಹೊಸದಲ್ಲ. ಮುಖ್ಯಾರ್ಥಕ್ಕೆ ಬಾಧೆಯುಂಟಾದಾಗ ಅದರ ಸಂಬಂಧವುಳ್ಳ ಬೇರೊಂದು ಅರ್ಥವು ರೂಢಿಯಿಂದಾಗಲಿ ಪ್ರಯೋಜನದಿಂದಾಗಲಿ ತೋರುವುದೇ ಲಕ್ಷಣೆ. ಕಾಶ್ಮೀರದ ಮಮ್ಮಟನು ರೂಢಿಲಕ್ಷಣೆಗೆ ‘ಕುಶಲ’ ಶಬ್ದವನ್ನು ಉದಾಹರಿಸಿದನು. ದರ್ಭೆಯನ್ನು ಕೊಯ್ಯುವವನೆಂಬುದು ಅದರ ಅವಯವಾರ್ಥ. ಕೈ ಕೊಯ್ದುಕೊಳ್ಳದಂತೆ ದರ್ಭೆಯನ್ನು ತರುವುದಕ್ಕೆ ನೈಪುಣ್ಯವು ಬೇಕಾದುದರಿಂದ ನಿಪುಣನೆಂಬ ಅರ್ಥವು ನಿಂತಿತು. ಇಂದು ‘ಕುಶಲ’ ಎನ್ನುವವರಾರೂ ದರ್ಭೆಯನ್ನು ನೆನೆಯುವುದಿಲ್ಲ. ಕೆಲಸವು ಮರೆಯಾಗಿ ಮಾತು ಮಾತ್ರ ಉಳಿಯಿತು. ಇಂಗ್ಲಿಷ್ ವಾಗ್ರೂಢಿಗಳ ಚರಿತ್ರೆಯೂ ಬಹುಮಟ್ಟಿಗೆ ಇಂತಹುದೇ.

ಮೊದಲು ಸಮುದ್ರವನ್ನು ನೋಡೋಣ. ಇಂಗ್ಲೆಂಡು ದ್ವೀಪವಾಸಿಗಳ ದೇಶ; ಹಾಯಿಹಡಗುಗಳ ಕಾಲದಲ್ಲಿ ನಾವಿಕರ ಪರಿಭಾಷೆಯು ಬಂದರುಗಳಿಂದ ಬೀದಿಗೂ, ಬೀದಿಯಿಂದ ಸಭೆಗೂ ಹರಿದು ಬಂದಿತು. ಗಾಳಿಗೆ ಸಾಧ್ಯವಾದಷ್ಟು ಎದುರಾಗಿ ಹಡಗನ್ನು ನಡೆಸುವುದು ‘ಬೈ’. ಗಾಳಿಯು ಹಿಂದಿನಿಂದ ಬೀಸುವಾಗ ನಡೆಸುವುದು ‘ಲಾರ್ಜ್’. ಎರಡು ಬಗೆಯಲ್ಲಿಯೂ ಚೆನ್ನಾಗಿ ಸಾಗುವ ನೌಕೆಯು ಎಲ್ಲ ವಿಧದಲ್ಲಿಯೂ ಒಳ್ಳೆಯದೆನಿಸಿತು. ‘ಒಟ್ಟಿನಲ್ಲಿ’ ಎಂಬ ಅರ್ಥವು ಹುಟ್ಟಿದ್ದು ಹೀಗೆ. ಗಾಳಿಯು ಹಠಾತ್ತಾಗಿ ದಿಕ್ಕು ಬದಲಿಸಿ ಹಾಯಿಗಳನ್ನು ಮುಂದಿನಿಂದ ಕೂವೆಮರಕ್ಕೆ ಒತ್ತಿಬಿಟ್ಟರೆ ಹಡಗು ಕ್ಷಣಕಾಲ ಸ್ತಂಭಿಸುವುದು. ದಿಗ್ಭ್ರಾಂತನಾದ ಮನುಷ್ಯನನ್ನು ‘ಟೇಕನ್ ಅಬ್ಯಾಕ್’ ಎನ್ನುವುದು ಇದರಿಂದಲೇ.

ಸಮುದ್ರಕ್ಕೆ ಸೇರಿದ ಇನ್ನೊಂದು ವೃತ್ತಾಂತವು ಪ್ರಸಿದ್ಧವಾದುದು. ನೌಕಾಸೇನಾಪತಿ ನೆಲ್ಸನ್ನನು 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯ ಮುತ್ತಿಗೆಯಲ್ಲಿ ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. 1801ರಲ್ಲಿ ಕೋಪನ್‌ಹೇಗನ್ನಿನ ಯುದ್ಧವು ನಡೆಯುತ್ತಿದ್ದಾಗ ಮೇಲಧಿಕಾರಿಯಾದ ಹೈಡ್ ಪಾರ್ಕರನು ಕದನವನ್ನು ನಿಲ್ಲಿಸುವಂತೆ ಸಂಜ್ಞೆಮಾಡಿದನು. ನೆಲ್ಸನ್ನನು ದೂರದರ್ಶಕವನ್ನು ಕುರುಡುಗಣ್ಣಿಗೆ ಹಿಡಿದು, ತನಗೆ ಸಂಜ್ಞೆಯು ಕಾಣಲಿಲ್ಲವೆಂದು ಹೇಳಿ ಯುದ್ಧವನ್ನು ಮುಂದುವರಿಸಿ ಗೆದ್ದನೆಂದು ಪ್ರತೀತಿ. ‘ಟರ್ನ್ ಎ ಬ್ಲೈಂಡ್ ಐ’ ಎಂಬ ಮಾತಿಗೆ ಜನರು ಈ ಕಥೆಯನ್ನು ಹೇಳುತ್ತಾರೆ. ಇದಕ್ಕೆ ‘ಕುರುಡುಗಣ್ಣನ್ನು ತಿರುಗಿಸು’ ಎಂದು ಬರೆಯುವವರನ್ನು ಕಂಡಿದ್ದೇನೆ. ‘ಜಾಣಕುರುಡು’ ಎಂಬ ಎರಡೇ ಮಾತಿನ ಸಮಾಸವು ನಮ್ಮ ಮನೆಯಲ್ಲಿಯೇ ಇರುವಾಗ ಈ ಶ್ರಮವೇಕೆ?

ಎರಡನೆಯ ಆಕರವು ಅವರ ಧರ್ಮಗ್ರಂಥದ ಭಾಷಾಂತರ. ಇಲ್ಲಿ ಒಬ್ಬ ವಿದ್ವಾಂಸನ ಪ್ರಾಣವೇ ಪಣವಾಯಿತು. ಸಾಮಾನ್ಯ ಜನರೂ ಸ್ವಭಾಷೆಯಲ್ಲಿ ಓದಬೇಕೆಂಬ ಸಂಕಲ್ಪದಿಂದ ವಿಲಿಯಂ ಟಿಂಡೇಲನು ಮೂಲ ಗ್ರೀಕಿನಿಂದ ಹೊಸ ಒಡಂಬಡಿಕೆಯನ್ನು ಅನುವಾದಿಸಿ 1526ರಲ್ಲಿ ಜರ್ಮನಿಯ ವರ್ಮ್ಸ್ ನಗರದಲ್ಲಿ ಅಚ್ಚು ಹಾಕಿಸಿದನು. ಗ್ರಂಥವು ಕಳ್ಳಸಾಗಣೆಯಿಂದ ಇಂಗ್ಲೆಂಡನ್ನು ಸೇರಿತು. ಸಿಕ್ಕಿದ ಪ್ರತಿಗಳನ್ನು ಅಧಿಕಾರಿಗಳು ಸುಟ್ಟರು. ಟಿಂಡೇಲನು ಸೆರೆಸಿಕ್ಕಿ 1536ರಲ್ಲಿ ಬ್ರಸೆಲ್ಸಿನ ಸಮೀಪದ ವಿಲ್ವೋರ್ಡೆಯಲ್ಲಿ ಮರಣದಂಡನೆಗೆ ಗುರಿಯಾದನು. ಕೊರಳು ಬಿಗಿದು ಕೊಂದು ದೇಹವನ್ನು ಸುಟ್ಟರು. 1611ರಲ್ಲಿ ರಾಜಾಜ್ಞೆಯಿಂದ ಪ್ರಕಟವಾದ ಭಾಷಾಂತರದ ಹೊಸ ಒಡಂಬಡಿಕೆಯಲ್ಲಿ ಬಹುಭಾಗವು ಅವನ ಮಾತೇ. ಗ್ರಂಥವನ್ನು ಸುಟ್ಟ ದೇಶವು ಅವನ ನುಡಿಯನ್ನು ನಾಲಗೆಯ ಮೇಲೆ ಧರಿಸಿತು.

ಅವನು 1530ರಲ್ಲಿ ಹೀಬ್ರೂ ಭಾಷೆಯಿಂದ ಅನುವಾದಿಸಿದ ಭಾಗದಲ್ಲಿ ‘ಸ್ಕೇಪ್‌ಗೋಟ್’ ಎಂಬ ಹೊಸ ಶಬ್ದವು ಮೊದಲು ಕಾಣುವುದು. ಯೆಹೂದ್ಯರ ಪ್ರಾಯಶ್ಚಿತ್ತದ ದಿನದ ವಿಧಿಯಲ್ಲಿ ಎರಡು ಹೋತಗಳನ್ನು ತಂದು ಚೀಟಿ ಹಾಕುವರು. ಒಂದನ್ನು ದೇವರಿಗೆ ಬಲಿಕೊಡುವರು. ಇನ್ನೊಂದರ ತಲೆಯ ಮೇಲೆ ಜನರ ಪಾಪಗಳನ್ನೆಲ್ಲ ಹೊರಿಸಿ ಅಡವಿಗೆ ಅಟ್ಟುವರು. ಈ ಎರಡನೆಯದೇ ‘ಸ್ಕೇಪ್‌ಗೋಟ್’. ನಾವು ಇದನ್ನು ಸಾಮಾನ್ಯವಾಗಿ ‘ಬಲಿಪಶು’ ಎನ್ನುತ್ತೇವೆ. ವಿಚಾರಿಸಿದರೆ ಬಲಿಯಾದ ಪಶುವು ಮೊದಲನೆಯದು; ಪರರ ಪಾಪವನ್ನು ಹೊತ್ತು ಜೀವಸಹಿತವಾಗಿ ಊರ ಹೊರಗಾದುದು ಎರಡನೆಯದು. ನಿರಪರಾಧಿಯ ಮೇಲೆ ಅಪವಾದವನ್ನು ಹೊರಿಸುವುದೇ ಇಲ್ಲಿಯ ಸಾರವಾದುದರಿಂದ ‘ಬಲಿಪಶು’ ಎಂಬುದು ಅರ್ಧವನ್ನು ಮಾತ್ರ ಹೇಳುವುದು. ಚರಿತ್ರೆಯನ್ನು ತಿಳಿಯದೆ ಅರ್ಥವನ್ನು ಮಾತ್ರ ಕಲಿತುದರ ಫಲವಿದು.

ಇದೇ ಗ್ರಂಥಭಾಗಗಳಿಂದ ಮತ್ತೊಂದು ತತ್ತ್ವವೂ ದೊರೆಯುವುದು. ‘ಹಲ್ಲಿನ ಚರ್ಮದಿಂದ ಪಾರಾದೆನು’ ಎಂಬುದು ಹೀಬ್ರೂ ಮಾತು; 1560ರ ಜಿನೀವಾ ಭಾಷಾಂತರಕಾರರು ಅದನ್ನು ಅಕ್ಷರಶಃ ಇಂಗ್ಲಿಷಿಗೆ ತಂದರು. ಹಲ್ಲಿಗೆ ಚರ್ಮವೆಲ್ಲಿದೆ? ಆದರೂ ಕೂದಲೆಳೆಯಲ್ಲಿ ಪಾರಾದನೆಂದು ನಾವು ಹೇಳುವಲ್ಲಿ ಇಂಗ್ಲಿಷರು ಇಂದಿಗೂ ಅದನ್ನೇ ಪ್ರಯೋಗಿಸುವರು. ಆದುದರಿಂದ ಅಕ್ಷರಾನುವಾದವೆಲ್ಲವೂ ಭಾಷೆಗೆ ದ್ರೋಹವೆಂದು ಹೇಳಲಾಗದು. ಜನರು ಒಪ್ಪಿ ತಲೆಮಾರುಗಳ ಕಾಲ ಆಡಿದರೆ ಪರಕೀಯವಾದ ಮಾತೂ ಸ್ವಕೀಯವಾಗುವುದು.

ಆದರೆ ಪೂರ್ವವೃತ್ತಾಂತವನ್ನು ಹುಡುಕುವಾಗ ಎಚ್ಚರವು ಬೇಕು. ಚರ್ಚೆಯ ದಾರಿ ತಪ್ಪಿಸುವ ವಿಷಯವನ್ನು ಇಂಗ್ಲಿಷಿನಲ್ಲಿ ‘ರೆಡ್ ಹೆರಿಂಗ್’, ಅಂದರೆ ಹೊಗೆ ಹಾಕಿ ಕೆಂಪಾಗಿಸಿದ ಮೀನು, ಎನ್ನುತ್ತಾರೆ. ಬೇಟೆನಾಯಿಗಳನ್ನು ಪಳಗಿಸುವುದಕ್ಕಾಗಿ ಬೇಟೆಗಾರರು ಜಾಡಿಗೆ ಅಡ್ಡವಾಗಿ ಈ ಮೀನನ್ನು ಎಳೆಯುತ್ತಿದ್ದರೆಂಬ ವಿವರಣೆಯು ಅನೇಕ ಪುಸ್ತಕಗಳಲ್ಲಿದೆ. ಸಂಶೋಧಕರು ಶೋಧಿಸಲಾಗಿ, ಮಾತನ್ನು ಪ್ರಚಾರಕ್ಕೆ ತಂದವನು ವಿಲಿಯಂ ಕಾಬೆಟ್ಟನೆಂಬ ಪತ್ರಿಕಾಕರ್ತನೆಂದು ತೋರಿತು. ಅವನು 1807ರಲ್ಲಿ, ನೆಪೋಲಿಯನ್ನನು ಸೋತನೆಂಬ ಸುಳ್ಳುಸುದ್ದಿಯ ಬೆನ್ನುಹತ್ತಿದ ಪತ್ರಿಕೆಗಳನ್ನು ಹಳಿಯುವುದಕ್ಕಾಗಿ, ತಾನು ಬಾಲ್ಯದಲ್ಲಿ ಹೀಗೆ ನಾಯಿಗಳನ್ನು ಮೊಲದ ಜಾಡಿನಿಂದ ತಪ್ಪಿಸಿದೆನೆಂದು ಕಥೆ ಹೇಳಿದನು. ದಾರಿ ತಪ್ಪಿಸುವುದೆಂಬ ಅರ್ಥದ ಮಾತಿನ ಚರಿತ್ರೆಯೇ ವಿದ್ವಾಂಸರ ದಾರಿ ತಪ್ಪಿಸಿದುದು ವಿನೋದವಾಗಿದೆ. ಕಥೆಯು ಸುಂದರವಾಗಿರುವುದೇ ಪ್ರಮಾಣವಲ್ಲವೆಂಬುದನ್ನು ಇದರಿಂದ ತಿಳಿಯತಕ್ಕುದು. 1884ರಲ್ಲಿ ಮೊದಲ ಸಂಚಿಕೆಯನ್ನು ಕಂಡು 1928ರಲ್ಲಿ ಪೂರ್ಣವಾದ ಆಕ್ಸ್‌ಫರ್ಡ್ ನಿಘಂಟು ಪ್ರತಿಯೊಂದು ಶಬ್ದಕ್ಕೂ ಪ್ರಯೋಗವನ್ನೂ ಕಾಲವನ್ನೂ ಕೊಟ್ಟುದು ಈ ಪ್ರಮಾಣನಿಷ್ಠೆಯಿಂದಲೇ.

ಈ ಮಾತುಗಳಲ್ಲಿ ಕೆಲವು ಕನ್ನಡಕ್ಕೂ ಬಂದು ನೆಲೆಸಿವೆ. ‘ಬಿಳಿ ಆನೆ’ ಎಂದರೆ ಸಾಕಲಾರದ ಹೊರೆ. ಸಯಾಮಿನ ಅರಸನು ತನಗೆ ಬೇಡವಾದವನಿಗೆ ಬಿಳಿ ಆನೆಯನ್ನು ಕೊಟ್ಟು, ಅದರ ಮೇವಿನ ವೆಚ್ಚದಿಂದಲೇ ಅವನನ್ನು ಹಾಳುಮಾಡುತ್ತಿದ್ದನೆಂಬ ಕಥೆಯು ಇಂಗ್ಲಿಷರಲ್ಲಿ ಹರಡಿತು. ಆ ದೇಶದವರಿಗಾದರೋ ಬಿಳಿ ಆನೆಯು ರಾಜಲಕ್ಷ್ಮಿಯ ಚಿಹ್ನೆ; 19ನೆಯ ಶತಮಾನದಲ್ಲಿ ಅವರ ಧ್ವಜದ ಮೇಲೆಯೇ ಅದರ ಚಿತ್ರವಿದ್ದಿತು. ಐರಾವತವನ್ನು ಇಂದ್ರನ ವಾಹನವೆಂದು ನಂಬಿದ ನಾವೂ ಇಂಗ್ಲಿಷರ ಅರ್ಥವನ್ನೇ ಹಿಡಿದೆವು. ‘ಹಂಸಗೀತೆ’ಯ ಗತಿಯು ಇದಕ್ಕಿಂತ ಶುಭಕರವಾದುದು. ಹಂಸವು ಮರಣಕಾಲದಲ್ಲಿ ಇಂಪಾಗಿ ಹಾಡುವುದೆಂಬ ನಂಬಿಕೆಯು ಗ್ರೀಕರದು. ಪ್ಲೇಟೋವಿನ ‘ಫೀಡೋ’ ಸಂವಾದದಲ್ಲಿ ಸಾಕ್ರೆಟೀಸನು ಸಾಯುವ ದಿನ ಇದನ್ನು ಪ್ರಸ್ತಾಪಿಸುವನು. ನಮ್ಮ ಕವಿಸಮಯದ ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುವುದೇ ಹೊರತು ಹಾಡಿ ಸಾಯುವುದಿಲ್ಲ. ಆದರೂ ತ. ರಾ. ಸುಬ್ಬರಾಯರು 1952ರಲ್ಲಿ ಸಂಗೀತಗಾರನೊಬ್ಬನ ಕಾದಂಬರಿಗೆ ಆ ಹೆಸರನ್ನಿಟ್ಟರು. 1975ರಲ್ಲಿ ಅದು ಚಲನಚಿತ್ರವೂ ಆಯಿತು. ಈಗ ಆ ಶಬ್ದವನ್ನು ಪರಕೀಯವೆನ್ನುವವರಿಲ್ಲ.

ಕೊನೆಯದಾಗಿ ಒಂದು ಹೋಲಿಕೆ. ಪಂಥಾಹ್ವಾನವನ್ನು ಇಂಗ್ಲಿಷರು ‘ಥ್ರೋ ಡೌನ್ ದಿ ಗಾಂಟ್ಲೆಟ್’ ಎಂದರೆ ಲೋಹದ ಕೈಗವಸನ್ನು ಎಸೆಯುವುದೆನ್ನುವರು. ಮಧ್ಯಯುಗದ ವೀರನು ಕೈಗವಸನ್ನು ನೆಲಕ್ಕೆಸೆದರೆ, ಅದನ್ನು ಎತ್ತಿಕೊಂಡವನು ದ್ವಂದ್ವಕ್ಕೆ ಒಪ್ಪಿದಂತೆ. ಪಟ್ಟಾಭಿಷೇಕದ ಔತಣದಲ್ಲಿ ರಾಜನ ಪರವಾಗಿ ಒಬ್ಬನು ಹೀಗೆ ಕೈಗವಸನ್ನೆಸೆಯುವ ಸಂಪ್ರದಾಯವು ಕಡೆಯದಾಗಿ ನಡೆದುದು 1821ರಲ್ಲಿ, ನಾಲ್ಕನೆಯ ಜಾರ್ಜನ ಕಾಲದಲ್ಲಿ. ನಮ್ಮಲ್ಲಿ ದೊರೆಯು ಕೊಟ್ಟ ರಣವೀಳ್ಯವನ್ನು ಹಿಡಿದವನು ಯುದ್ಧಭಾರವನ್ನು ಹೊತ್ತಂತೆ. ಅಲ್ಲಿ ಕಬ್ಬಿಣದ ಕೈಗವಸು, ಇಲ್ಲಿ ಎಲೆ ಅಡಕೆ. ಮಾತಿನ ಹಿಂದೆ ನಿಂತ ಮನೋಧರ್ಮವು ಒಂದೇ. ಇಂಗ್ಲಿಷ್ ಮಕ್ಕಳು ತಮ್ಮ ಕೈಗವಸಿನ ಕಥೆಯನ್ನು ಇಂದಿಗೂ ಪುಸ್ತಕಗಳಲ್ಲಿ ಓದಬಲ್ಲರು. 1870ರಲ್ಲಿಯೇ ಬ್ರೂಯರನು ಅಂತಹ ಕೋಶವನ್ನು ಸಿದ್ಧಪಡಿಸಿದನು. ನಮ್ಮ ಮಕ್ಕಳಲ್ಲಿ ರಣವೀಳ್ಯವನ್ನು ಬಲ್ಲವರೆಷ್ಟು ಮಂದಿ?

ಕಿಟ್ಟೆಲ್ ಪಂಡಿತರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳನ್ನೂ ಪ್ರಯೋಗಗಳನ್ನೂ ಸೇರಿಸಿ ಉಪಕರಿಸಿದರು. ಆದರೆ ಕೋಶವು ಎಷ್ಟನ್ನು ಹಿಡಿದೀತು? ‘ಒರೆಗೆ ಹಚ್ಚುವುದು’ ಅಕ್ಕಸಾಲೆಯ ಕಲ್ಲಿನಿಂದ ಬಂದಿತು. ‘ಗಾಣದೆತ್ತು’ ಎಣ್ಣೆಯ ಗಾಣದಿಂದ. ‘ಜಳ್ಳು ಕಾಳು’ ಕಣದಿಂದ. ಗಾಣವನ್ನೂ ಕಣವನ್ನೂ ಕಾಣದೆ ಬೆಳೆಯುವ ಮಕ್ಕಳಿಗೆ ಈ ಮಾತುಗಳೂ ‘ಬೈ ಅಂಡ್ ಲಾರ್ಜ್’ನಂತೆ ಬಾಯಿಪಾಠದ ಪಟ್ಟಿಯಾಗುವ ಕಾಲವು ದೂರವಿಲ್ಲ. ಸ್ವಂತ ಭಾಷೆಯನ್ನು ಪರಭಾಷೆಯಂತೆ ಕಲಿಯಬೇಕಾಗಿ ಬರುವುದಕ್ಕಿಂತ ದೊಡ್ಡ ನಷ್ಟವುಂಟೇ?

ಆದುದರಿಂದ ವಾಚಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಮನೆಯ ಹಿರಿಯರು, ಮುಖ್ಯವಾಗಿ ಅಜ್ಜಿಯಂದಿರು, ಆಡುವ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಅರ್ಥವನ್ನಷ್ಟೇ ಅಲ್ಲ, ಅದು ಯಾವ ಕಸಬಿನದು, ಯಾವ ಆಚಾರದ್ದು, ಆ ಉಪಕರಣದ ಭಾಗಗಳಾವುವು ಎಂಬುದನ್ನೂ ಬರೆಯಿರಿ. ಹೇಳುವವರು ಇರುವಾಗಲೇ ಈ ಕಾರ್ಯವು ಆಗತಕ್ಕುದು.